ನೆರಳು ಕಳೆದುಕೊಂಡ ಊರಿನಲ್ಲಿ ನಡುಹಗಲ ನಡಿಗೆ

ಜೂನ್ ತಿಂಗಳಲ್ಲಿ ಇಟಲಿಯ ನೇಪಲ್ಸ್ ಕಡೆ ಸೂರ್ಯ ಹುಟ್ಟುವುದು ಬೆಳಿಗ್ಗೆ ಐದೂವರೆಗೆ. ಅಲ್ಲಿಗೆ ಸಮೀಪದ ಪೊಂಪೈ ಎಂಬ ಪ್ರಾಚೀನ ರೋಮನ್ ನಗರದ ಬಾಗಿಲು ತೆರೆಯುವುದು 9 ಗಂಟೆಗೆ. ರೋಮ್‌ನ ಹೋಟೆಲಿನಲ್ಲಿ ತಿಂಡಿ ಮುಗಿಸಿ, ಸುಮಾರು 240 ಕಿ.ಮೀ. ಬಸ್ಸಿನಲ್ಲಿ ಕುಳಿತು ಬಂದ ತಂಡ ಆ ಬಾಗಿಲು ದಾಟುವಾಗ ಹನ್ನೊಂದೋ ಹನ್ನೆರಡೋ ಆಗಿರುತ್ತದೆ. ದಿನದ ತಂಪು ಹೊತ್ತೆಲ್ಲ ಹೆದ್ದಾರಿಗೆ ಖರ್ಚಾಗಿ, ಕಾಲಿಗೆ ಉಳಿಯುವುದು ಸುಡುವ ಹೊತ್ತು. ಮುಂದಿನ ಮೂರು ಗಂಟೆ ಕರಿಕಲ್ಲಿನ ಮೇಲೆ, ಮರವಿಲ್ಲದ ಬೀದಿಗಳಲ್ಲಿ, ಸಾವಿರಾರು ಜನರ ನಡುವೆ ನಡಿಗೆ.

ಆ ತಂಡಗಳಲ್ಲಿ ಕನ್ನಡಿಗರೂ ಇರುತ್ತಾರೆ. ಏಪ್ರಿಲ್, ಮೇ ರಜೆಯಲ್ಲಿ ಮಕ್ಕಳೊಂದಿಗೆ ಯುರೋಪ್ ಪ್ಯಾಕೇಜ್ ಹಿಡಿದವರು, ಜೂನ್, ಜುಲೈಯಲ್ಲಿ ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಇರುವ ಮಗ, ಮಗಳ ಮನೆಗೆ ಬಂದು ಜೊತೆಗೆ ಇಟಲಿಯನ್ನೂ ನೋಡಿ ಹೋಗುವ ಅಪ್ಪ ಅಮ್ಮಂದಿರು. ಅರವತ್ತು ದಾಟಿದವರ ಮಂಡಿಗಳು, ಹೊಸದಾಗಿ ಕೊಂಡ ಶೂಗಳು, ಮಧ್ಯಾಹ್ನದ ಹೊತ್ತು: ಈ ಮೂರೂ ರೋಮನ್ ಅವಶೇಷಗಳ ನೆಲದ ಮೇಲೆ ಒಟ್ಟಿಗೆ ಬಂದರೆ ಏನಾಗಬಹುದು ಎಂಬುದನ್ನು ಟಿಕೆಟ್ ಕಾದಿರಿಸುವ ಮೊದಲೇ ಯೋಚಿಸಬೇಕು. ದೊಡ್ಡ ಅವಘಡ ಆದ ಮೇಲೆ ಸಂಪಾದಕೀಯ ಬರೆಯುವುದು ಸುಲಭ. ಲಕ್ಷಣಗಳು ಒಂದೊಂದಾಗಿ ಕೂಡಿಬರುತ್ತಿರುವಾಗಲೇ ಹೇಳುವುದು ನಮಗೆ ಹೆಚ್ಚು ಉಚಿತವೆನ್ನಿಸಿದೆ.

ಮೊದಲು ಆ ನೆಲವನ್ನೇ ನೋಡೋಣ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಬೂದಿಯಡಿ ಹೂತುಹೋದ ಪೊಂಪೈಯಲ್ಲಿ ಅಗೆತ ಶುರುವಾದದ್ದು 1748ರಲ್ಲಿ. ಸುಮಾರು 66 ಹೆಕ್ಟೇರಿನ ನಗರದ ಮೂರರಲ್ಲಿ ಎರಡು ಪಾಲು ಈಗ ಹೊರಗೆ ಬಂದಿದೆ. ಬೀದಿಗೆ ಹಾಸಿರುವುದು ಲಾವಾ ಹೆಪ್ಪುಗಟ್ಟಿ ಆದ ಕಪ್ಪು ಬಂಡೆಯ ದಪ್ಪ ಚಪ್ಪಡಿ. ಒಂದರ ಆಕಾರ ಇನ್ನೊಂದಕ್ಕಿಲ್ಲ. ಐದು ಮೂಲೆ, ಆರು ಮೂಲೆ, ನಡುವೆ ಹೆಬ್ಬೆರಳು ಇಳಿಯುವಷ್ಟು ಸಂದು. ಬಂಡಿಗಳ ಕಬ್ಬಿಣದ ಪಟ್ಟಿಯ ಗಾಲಿಗಳು ತಲೆಮಾರುಗಟ್ಟಲೆ ಉರುಳಿ ಕಲ್ಲಿನಲ್ಲಿ ಆಳವಾದ ಜಾಡು ಕೊರೆದಿವೆ. ಬೀದಿಯ ಎರಡೂ ಬದಿಗೆ ಎತ್ತರದ ಜಗಲಿಯಂಥ ಕಾಲುದಾರಿ. ಒಂದು ಬದಿಯಿಂದ ಇನ್ನೊಂದಕ್ಕೆ ದಾಟಲು ನಡುಬೀದಿಯಲ್ಲಿ ನೆಟ್ಟ ಅಡ್ಡಗಲ್ಲುಗಳು, ಅವುಗಳ ನಡುವೆ ಗಾಲಿ ಹೋಗುವಷ್ಟು ಜಾಗ.

ಇಷ್ಟು ಎತ್ತರ ತಗ್ಗು ಏಕೆಂದರೆ, ಆ ಬೀದಿ ಬರೀ ಬೀದಿಯಲ್ಲ, ಕಾಲುವೆಯೂ ಹೌದು. ಊರಿನ ಹೆಚ್ಚಿನ ಭಾಗಕ್ಕೆ ನೆಲದಡಿಯ ಚರಂಡಿ ಇರಲಿಲ್ಲ. ಮಳೆನೀರು, ಕಾರಂಜಿಗಳಿಂದ ಉಕ್ಕಿ ಹರಿದ ನೀರು, ಮನೆಗಳ ಕೊಳೆ ಎಲ್ಲವೂ ಇಳಿಜಾರಿನ ಬೀದಿಯಲ್ಲೇ ಹರಿದು ಊರಾಚೆ ಹೋಗುತ್ತಿತ್ತು. ಕಾಲಿಗೆ ಕೊಳೆ ತಾಗದಿರಲೆಂದೇ ಎತ್ತರದ ಕಾಲುದಾರಿ, ದಾಟಲೆಂದೇ ಅಡ್ಡಗಲ್ಲು. ಊರಿನವನಿಗೆ ಪ್ರತಿ ಕಲ್ಲೂ ಪರಿಚಿತ. ಕತ್ತಲಲ್ಲೂ ಅವನ ಪಾದ ತಪ್ಪುತ್ತಿರಲಿಲ್ಲ. ಎರಡು ಸಾವಿರ ವರ್ಷದ ನಂತರ ಬಂದ ನಾವು ಆ ಕಾಲುವೆಯ ತಳದಲ್ಲಿ, ತಲೆ ಎತ್ತಿ ಗೋಡೆ ನೋಡುತ್ತ, ಕೈಯಲ್ಲಿ ಮೊಬೈಲ್ ಹಿಡಿದು ನಡೆಯುತ್ತೇವೆ.

ಇಂಥ ನೆಲ ಮೂರು ಬಗೆಯಲ್ಲಿ ಕೈಕೊಡುತ್ತದೆ. ಒಂದು, ನುಣುಪು. ಗಾಲಿ ಉಜ್ಜಿದ ಕಲ್ಲನ್ನು ಈಗ ಲಕ್ಷಾಂತರ ಶೂಗಳು ಉಜ್ಜುತ್ತಿವೆ. ಒಣಗಿದ್ದಾಗಲೇ ಹೊಳೆಯುವ ಈ ಕಲ್ಲು ನಾಲ್ಕು ಹನಿ ಬಿದ್ದರೆ ಜಾರುಬಂಡೆ. ಎರಡು, ಎತ್ತರ. ಕಾಲುದಾರಿಯಿಂದ ಬೀದಿಗೆ, ಬೀದಿಯಿಂದ ಅಡ್ಡಗಲ್ಲಿಗೆ ಮೆಟ್ಟಿಲಿಗಿಂತ ದೊಡ್ಡ ಹೆಜ್ಜೆ ಇಡಬೇಕು. ಏರುವಾಗ ಮಂಡಿ, ಇಳಿಯುವಾಗ ಕಣಕಾಲು. ಸೀರೆ ಉಟ್ಟವರಿಗೆ ಒಂದು ಕೈ ಸದಾ ನೆರಿಗೆಗೇ ಬೇಕು. ಮೂರು, ಕಾಣದ ಸಂದು. ನಡುಹಗಲ ಬಿಸಿಲಿನಲ್ಲಿ ನೆರಳು ಬೀಳದ ಕಾರಣ ಕಪ್ಪು ಕಲ್ಲಿನ ತಗ್ಗುದಿಣ್ಣೆ ಕಣ್ಣಿಗೆ ಒಂದೇ ಸಮನೆ ಕಾಣುತ್ತದೆ. ಬೆಳಗಿನ ಓರೆ ಬೆಳಕಿನಲ್ಲಿ ಗೆರೆ ಗೆರೆಯಾಗಿ ಕಾಣುವ ಬಂಡಿಜಾಡು ಹನ್ನೆರಡು ಗಂಟೆಗೆ ಮಾಯವಾಗಿರುತ್ತದೆ.

ರೋಮ್ ನಗರದಲ್ಲೂ ಕತೆ ಬೇರೆಯಲ್ಲ. ಫೋರಂ ಎಂಬ ಪ್ರಾಚೀನ ಸಾರ್ವಜನಿಕ ಅಂಗಳದ ನಡುವೆ ಹಾದುಹೋಗುವ ವಿಯಾ ಸಾಕ್ರಾ ಎಂಬ ಪವಿತ್ರ ಬೀದಿಯ ಕಲ್ಲುಗಳು ಉಬ್ಬಿ, ಬಾಗಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ನಿಂತಿವೆ. ಕೊಲೋಸಿಯಂನ ಒಳಗೆ ಕಡಿದಾದ ಮೆಟ್ಟಿಲು. ಕ್ರಿ.ಪೂ. 312ರಲ್ಲಿ ಶುರುವಾದ ಆಪಿಯನ್ ಹೆದ್ದಾರಿಯ ಮೂಲ ಹಾಸುಗಲ್ಲು ಉಳಿದಿರುವ ಕಡೆ ಸೈಕಲ್ ಇರಲಿ, ಕಾಲೇ ತಡವರಿಸುತ್ತದೆ. ಈ ಹೆದ್ದಾರಿಯನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2024ರ ಜುಲೈಯಲ್ಲಿ, ನಮ್ಮದೇ ನವದೆಹಲಿಯಲ್ಲಿ ನಡೆದ ಸಭೆಯಲ್ಲಿ. ಪಟ್ಟಿ ಸೇರಿದ ತಾಣಕ್ಕೆ ಜನ ಹೆಚ್ಚುತ್ತಾರೆ. ಹೆಚ್ಚಿದ ಜನ ನಡೆಯುವುದು ಆ ಕಲ್ಲಿನ ಮೇಲೆಯೇ.

ಕಲ್ಲು ಅಂದೂ ಹೀಗೇ ಇತ್ತಲ್ಲ, ಜನ ಬದುಕಲಿಲ್ಲವೇ ಎಂದು ಕೇಳಬಹುದು. ಬದುಕಿದರು. ಆದರೆ ಅವರು ಬದುಕಿದ ಊರು ನಾವು ನೋಡುವ ಊರಲ್ಲ. ರೋಮನ್ ಮನೆ ನಮ್ಮ ತೊಟ್ಟಿಮನೆಯ ಹಾಗೆ: ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತಲೂ ಇಳಿಜಾರು ಮಾಡು, ಒಳಗೆ ತಂಪು. ಬೀದಿಗೆ ಚಾಚಿದ ಮಹಡಿಯ ಬಾಲ್ಕನಿ, ಅಂಗಡಿಗಳ ಮುಂದಿನ ಚಪ್ಪರ, ಸಂತೆಯಂಗಳದ ಸುತ್ತ ಕಂಬಸಾಲಿನ ಮೊಗಸಾಲೆ. ಸುಮಾರು 20 ಸಾವಿರ ಜನ ಕೂರುವ ಪೊಂಪೈಯ ವೃತ್ತರಂಗದ ನೆತ್ತಿಗೂ ಬಟ್ಟೆಯ ಮೇಲ್ಕಟ್ಟು ಎಳೆಯುತ್ತಿದ್ದರು. ಕ್ರಿ.ಶ. 59ರಲ್ಲಿ ಅಲ್ಲಿ ನಡೆದ ದೊಂಬಿಯನ್ನು ಚಿತ್ರಿಸಿದ ಗೋಡೆಚಿತ್ರದಲ್ಲಿ ಆ ಬಟ್ಟೆ ಇಂದಿಗೂ ಕಾಣುತ್ತದೆ. ಹೊಡೆದಾಟದ ಚಿತ್ರ ಬರೆದವನೂ ನೆರಳನ್ನು ಮರೆತಿಲ್ಲ.

ಮಣ್ಣಿನಿಂದ ಎದ್ದುಬಂದ ಊರಿನಲ್ಲಿ ಗೋಡೆ ಉಳಿದಿದೆ, ಕಲ್ಲು ಉಳಿದಿದೆ, ಹೆಚ್ಚಿನ ಕಡೆ ಮಾಡು ಉಳಿದಿಲ್ಲ. ಚಪ್ಪರ ಇಲ್ಲ, ಬಾಲ್ಕನಿ ಇಲ್ಲ, ಮೇಲ್ಕಟ್ಟು ಇಲ್ಲ. ಮಧ್ಯಾಹ್ನ ಗೋಡೆಯ ನೆರಳು ಒಂದು ಮೊಳ ಬಿದ್ದರೆ ಹೆಚ್ಚು. ಕಪ್ಪು ಕಲ್ಲು ಬೆಳಗಿನಿಂದ ಬಿಸಿಲು ಕುಡಿದು ಅದನ್ನೇ ಕೆಳಗಿನಿಂದ ವಾಪಸು ಕೊಡುತ್ತದೆ. ನೆತ್ತಿ ಮತ್ತು ಅಂಗಾಲು ಎರಡೂ ಒಟ್ಟಿಗೆ ಕಾಯುತ್ತವೆ. ಅಂದು ಅಷ್ಟು ನೆರಳಿದ್ದರೂ ರೋಮನ್ನರು ನಡುಹಗಲಲ್ಲಿ ಊರು ಸುತ್ತುತ್ತಿರಲಿಲ್ಲ. ಅವರ ದಿನ ಶುರುವಾಗುತ್ತಿದ್ದದ್ದು ಸೂರ್ಯೋದಯಕ್ಕೆ, ಆರನೆಯ ಗಂಟೆ ಎಂದರೆ ನಡುಮಧ್ಯಾಹ್ನ. ಆ 'ಆರನೆಯ' ಎಂಬ ಲ್ಯಾಟಿನ್ ಪದದಿಂದಲೇ ಸ್ಪೇನಿನವರ 'ಸಿಯೆಸ್ತಾ', ಅಂದರೆ ಮಧ್ಯಾಹ್ನದ ನಿದ್ದೆ, ಹುಟ್ಟಿದೆ. ನೆರಳಿದ್ದ ಊರಿನವರೇ ಮಲಗುತ್ತಿದ್ದ ಹೊತ್ತಿನಲ್ಲಿ ನೆರಳಿಲ್ಲದ ಊರಿಗೆ ನಾವು ಬಸ್ಸಿನಿಂದ ಇಳಿಯುತ್ತೇವೆ.

ಆ ಬಿಸಿಲೂ ಈಗ ಹಳೆಯ ಬಿಸಿಲಲ್ಲ. ಮೆಡಿಟರೇನಿಯನ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ಶೇ 20ರಷ್ಟು ವೇಗವಾಗಿ ಬಿಸಿಯಾಗುತ್ತಿದೆ ಎಂದು ಆ ಪ್ರದೇಶದ ಹವಾಮಾನ ತಜ್ಞರ ಜಾಲವೇ ಹೇಳಿದೆ. 2021ರ ಆಗಸ್ಟ್ 11ರಂದು ಸಿಸಿಲಿಯ ಸಿರಾಕ್ಯೂಸ್ ಬಳಿ 48.8 ಡಿಗ್ರಿ ದಾಖಲಾಯಿತು. ಯುರೋಪಿನ ಮಟ್ಟಿಗೆ ಇದೇ ದಾಖಲೆ ಎಂದು ವಿಶ್ವ ಹವಾಮಾನ ಸಂಸ್ಥೆ ಒಪ್ಪಿದೆ. 2023ರ ಜುಲೈ 18ರಂದು ರೋಮ್‌ನಲ್ಲಿ 41.8 ಡಿಗ್ರಿ. 2022ರ ಒಂದು ಬೇಸಿಗೆಯಲ್ಲಿ ಯುರೋಪಿನಲ್ಲಿ ಬಿಸಿಲಿನ ಕಾರಣಕ್ಕೆ 61 ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ವೈದ್ಯಕೀಯ ಅಧ್ಯಯನವೊಂದು ಅಂದಾಜು ಮಾಡಿತು. ಅದರಲ್ಲಿ ಅತಿ ಹೆಚ್ಚು ಸಾವು, ಸುಮಾರು 18 ಸಾವಿರ, ಇಟಲಿಯದು. ಸತ್ತವರಲ್ಲಿ ಬಹುಪಾಲು ವಯಸ್ಸಾದವರು. ಅಂದರೆ ನಾವು ಗಾಲಿ ಸೂಟ್‌ಕೇಸ್ ಕೊಡಿಸಿ ಕಳಿಸುತ್ತಿರುವ ವಯಸ್ಸಿನವರು.

2025ರ ಜುಲೈ ಆರಂಭದಲ್ಲಿ, ಬಿಸಿಗಾಳಿಯ ದಿನಗಳಲ್ಲೇ, ಕೊಲೋಸಿಯಂ ಬಳಿ ಪ್ರವಾಸಿಗರನ್ನು ಕರೆದುಕೊಂಡು ಬಂದಿದ್ದ ಮಾರ್ಗದರ್ಶಕಿಯೊಬ್ಬರು ಕುಸಿದು ಬಿದ್ದು ತೀರಿಕೊಂಡರು. ಸಾವಿಗೆ ಬಿಸಿಲೊಂದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಆದರೆ ಆ ಸಾವಿನ ಬೆನ್ನಿಗೇ ಮಾರ್ಗದರ್ಶಕರ ಸಂಘಟನೆ ಕೇಳಿದ್ದು ಒಂದೇ: ಬೇಸಿಗೆಯಲ್ಲಿ ತಾಣಗಳ ಹೊತ್ತು ಬದಲಿಸಿ, ಬೇಗ ತೆರೆಯಿರಿ. ವರ್ಷವಿಡೀ ಆ ಕಲ್ಲಿನ ಮೇಲೆ ನಡೆಯುವವರ ಮಾತು ಇದು. ರೋಮ್ ಸೇರಿರುವ ಲಾಟ್ಸಿಯೋ ಪ್ರಾಂತ ಆ ಬೇಸಿಗೆಯಲ್ಲಿ ಕಟ್ಟಡ, ಹೊಲ, ಕಲ್ಲುಗಣಿಗಳ ಕೂಲಿಯವರು ಬಿಸಿಲು ಜೋರಿರುವ ದಿನಗಳಲ್ಲಿ ಮಧ್ಯಾಹ್ನ 12.30ರಿಂದ 4ರವರೆಗೆ ಬಯಲಿನಲ್ಲಿ ದುಡಿಯಬಾರದೆಂದು ಆದೇಶ ಹೊರಡಿಸಿತ್ತು. ಕಲ್ಲು ಹೊರುವವನಿಗೆ ಅಪಾಯವಾದ ಹೊತ್ತು ಕಲ್ಲು ನೋಡುವವನಿಗೆ ಕ್ಷೇಮ ಹೇಗಾದೀತು? ಕೂಲಿಯಾಳಿಗೆ ಇಪ್ಪತ್ತೈದು, ಮೂವತ್ತರ ಮೈಕಟ್ಟಾದರೂ ಇರುತ್ತದೆ.

ಇನ್ನು ಜನಸಂದಣಿ. 2024ರಲ್ಲಿ ಪೊಂಪೈಗೆ 40 ಲಕ್ಷಕ್ಕೂ ಹೆಚ್ಚು ಜನ ಬಂದರು. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ. ಅಂಥ ಒಂದು ಭಾನುವಾರ ಸಂಖ್ಯೆ 36 ಸಾವಿರ ದಾಟಿತು. ಅದೇ ವರ್ಷದ ನವೆಂಬರ್ 15ರಿಂದ ದಿನಕ್ಕೆ 20 ಸಾವಿರ ಜನರ ಮಿತಿ ಜಾರಿಗೆ ಬಂತು, ಟಿಕೆಟ್ ಮೇಲೆ ಹೆಸರು ಅಚ್ಚಾಗತೊಡಗಿತು. ಬೇಸಿಗೆಯ ತಿಂಗಳುಗಳಿಗೆ ಹೊತ್ತಿನ ಹಂಚಿಕೆಯೂ ಆಯಿತು: ಬೆಳಗಿನ ಪಾಳಿಗೆ 15 ಸಾವಿರ, ಮಧ್ಯಾಹ್ನ 1ರ ನಂತರ 5 ಸಾವಿರ. ಇದು ಒಳ್ಳೆಯ ಹೆಜ್ಜೆ. ವೃತ್ತರಂಗ ತುಂಬುವಷ್ಟು ಜನ ಪ್ರತಿದಿನ ಊರೊಳಗೆ ಇಳಿದರೆ ಸಾಕು ಎಂದು ಆಡಳಿತವೇ ಒಪ್ಪಿದಂತಾಯಿತು.

ಆದರೂ ಈ ಮಿತಿ ತಲೆ ಎಣಿಸುತ್ತದೆ, ತಾಪ ಅಳೆಯುವುದಿಲ್ಲ. 24 ಡಿಗ್ರಿಯ ಏಪ್ರಿಲ್ ಬೆಳಗಿಗೂ 38 ಡಿಗ್ರಿಯ ಜುಲೈ ಬೆಳಗಿಗೂ ಒಂದೇ ಲೆಕ್ಕ. ಬಂದ ಜನ ಊರ ತುಂಬ ಹರಡಿಕೊಳ್ಳುವುದೂ ಇಲ್ಲ. ಮಾರ್ಗದರ್ಶಕರ ಕೋಲು ಹಿಂಬಾಲಿಸಿ ಎಲ್ಲರೂ ಅದೇ ಫೋರಂ, ಅದೇ ವಿಯಾ ದೆಲ್ಲ್ ಅಬ್ಬೊಂದಾಂತ್ಸಾ ಬೀದಿ, ಅದೇ ನಾಲ್ಕು ಮನೆಗಳ ಕಿರು ಬಾಗಿಲಿಗೆ ಮುತ್ತುತ್ತಾರೆ. ಸಂದಣಿಯಲ್ಲಿ ನಡೆಯುವವನಿಗೆ ಕಾಲಿಡುವ ಕಲ್ಲನ್ನು ಆರಿಸುವ ಸ್ವಾತಂತ್ರ್ಯ ಇರುವುದಿಲ್ಲ. ಮುಂದಿನವನ ಬೆನ್ನು ಕಾಣುತ್ತದೆ, ನೆಲ ಕಾಣುವುದಿಲ್ಲ. ಎತ್ತರದ ಕಾಲುದಾರಿಯಲ್ಲಿ ಎರಡು ತಂಡ ಎದುರುಬದುರಾದರೆ ಯಾರೋ ಒಬ್ಬರು ಬೀದಿಗೆ ಧುಮುಕಲೇಬೇಕು. ಸಾಮಾನ್ಯವಾಗಿ ಧುಮುಕುವವರು ಸಂಕೋಚದವರು, ವಯಸ್ಸಾದವರು.

ಬೇರೆ ದಾರಿ ಇದೆ ಎನ್ನುವುದಕ್ಕೆ ನೆರೆಯ ಗ್ರೀಸ್ ಸಾಕ್ಷಿ. ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡವನ್ನು 2023ರ ಜುಲೈ, 2024ರ ಜೂನ್, 2025ರ ಜುಲೈ, ಹೀಗೆ ಸತತ ಮೂರು ಬೇಸಿಗೆಗಳಲ್ಲಿ ಬಿಸಿಗಾಳಿಯ ದಿನ ಮಧ್ಯಾಹ್ನ ಮುಚ್ಚಿದರು. ಆದಾಯ ಹೋಯಿತು, ಪ್ರವಾಸಿಗಳು ಗೊಣಗಿದರು, ಆದರೂ ಬಾಗಿಲು ಹಾಕಿದರು. ಪ್ರಾಚೀನ ತಾಣಗಳಲ್ಲಿ ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು ಅದೇ ದೇಶ 2009ರಲ್ಲೇ ನಿಷೇಧಿಸಿತ್ತು. ಕಾಲಿಗೂ ಕಲ್ಲಿಗೂ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಅಲ್ಲಿ ಸಿಕ್ಕ ಉತ್ತರ ಒಂದೇ ಆಗಿತ್ತು.

ಆ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಡೆಯುವವರ ಕ್ಷೇಮ ಬೇರೆ, ಅವಶೇಷಗಳ ರಕ್ಷಣೆ ಬೇರೆ ಎಂದು ಎರಡು ಕಡತ ಇಟ್ಟುಕೊಂಡವರು ಎರಡನ್ನೂ ಕಳೆದುಕೊಳ್ಳುತ್ತಾರೆ. ಬೇರೆ ವಸ್ತುಸಂಗ್ರಹಾಲಯಗಳಲ್ಲಿ ನೋಡುವ ವಸ್ತು ಗಾಜಿನೊಳಗೆ, ನಡೆಯುವ ನೆಲ ಹೊರಗೆ. ಇಲ್ಲಿ ನೆಲವೇ ವಸ್ತು. ಕಾಲು ಜಾರಿದವನು ಆಧಾರಕ್ಕೆ ಹಿಡಿಯುವುದು ಎರಡು ಸಾವಿರ ವರ್ಷದ ಗಾರೆಯನ್ನು. ನೆರಳು ಹುಡುಕಿದವಳು ಒರಗುವುದು ಬಣ್ಣ ಉಳಿದ ಗೋಡೆಗೆ. ಬೀದಿಯಲ್ಲಿ ಜಾಗ ಸಾಲದವರು ಹತ್ತುವುದು ಅಡಿಪಾಯದ ಇಟ್ಟಿಗೆಯನ್ನು. ಆಯಾಸಗೊಂಡ ಪ್ರವಾಸಿಗಿಂತ ದೊಡ್ಡ ಹಾನಿಕಾರ ಪ್ರವಾಸಿ ಇಲ್ಲ, ಅವನಿಗೆ ಕೇಡಿನ ಉದ್ದೇಶವೇನೂ ಇಲ್ಲದಿದ್ದರೂ.

ಮಳೆಯ ದಿನಗಳ ಎಚ್ಚರಿಕೆ ಇನ್ನೊಂದು. 2010ರ ನವೆಂಬರ್ 6ರ ಬೆಳಿಗ್ಗೆ ಪೊಂಪೈಯ ಮುಖ್ಯ ಬೀದಿಯಲ್ಲಿದ್ದ ಸ್ಕೋಲಾ ಆರ್ಮತುರಾರುಂ ಎಂಬ ಕಟ್ಟಡ ಮಳೆಗೆ ನೆನೆದು ಕುಸಿದುಬಿತ್ತು. ಆಗಿನ್ನೂ ಬಾಗಿಲು ತೆರೆಯುವ ಹೊತ್ತಾಗಿರಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಆ ಆಘಾತದ ನಂತರವೇ ಯುರೋಪಿಯನ್ ಒಕ್ಕೂಟದ ನೆರವಿನಿಂದ 105 ಮಿಲಿಯನ್ ಯೂರೋಗಳ ದೊಡ್ಡ ದುರಸ್ತಿ ಯೋಜನೆ ಶುರುವಾದದ್ದು. ಅಗೆಯದೆ ಬಿಟ್ಟ ಭಾಗದ ಮಣ್ಣಿನ ದಿಬ್ಬಗಳು ಮಳೆ ಕುಡಿದು ಉಬ್ಬಿ, ಅಗೆದ ಭಾಗದ ಗೋಡೆಗಳನ್ನು ನೂಕುತ್ತಿದ್ದವು. ಆ ದಿಬ್ಬಗಳನ್ನು ಇಳಿಜಾರು ಮಾಡಿ ಗಟ್ಟಿಗೊಳಿಸಲಾಯಿತು. ಇಷ್ಟಾದರೂ ಬೀದಿ ಇಂದಿಗೂ ಕಾಲುವೆಯೇ. ಒಂದೇ ತಾಸಿನಲ್ಲಿ ಸುರಿಯುವ ಮಳೆ ಬಂದರೆ ಅದು ತನ್ನ ಹಳೆಯ ಕೆಲಸಕ್ಕೆ ಮರಳುತ್ತದೆ. ಆಗ ಅಡ್ಡಗಲ್ಲುಗಳು ಅಲಂಕಾರವಲ್ಲ, ಸೇತುವೆ.

ಇದನ್ನೆಲ್ಲ ಹೇಳಿದರೆ ತಕ್ಷಣ ಒಂದು ಆಕ್ಷೇಪ ಬರುತ್ತದೆ: ಪ್ರಾಚೀನ ನೆಲಕ್ಕೆ ಸಿಮೆಂಟು ಬಳಿಯುವುದೇ? 2020ರಲ್ಲಿ ಅಕ್ರೊಪೊಲಿಸ್ ಮೇಲೆ ಕಾಂಕ್ರೀಟು ಹಾದಿ ಹಾಕಿದಾಗ ಎದ್ದ ಕೂಗು ಸಣ್ಣದಲ್ಲ, ಅದರಲ್ಲಿ ಅರ್ಥವೂ ಇತ್ತು. ಆದರೆ ಪೊಂಪೈಯಲ್ಲೇ ಒಂದು ಸಮಾಧಾನದ ದಾರಿ ಇದೆ. 2016ರ ಕೊನೆಗೆ ತೆರೆದ 'ಎಲ್ಲರಿಗೂ ಪೊಂಪೈ' ಎಂಬ ಹಾದಿ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದ ಸಾಗುತ್ತದೆ. ವೃತ್ತರಂಗದ ಕಡೆಯ ಬಾಗಿಲಿನಿಂದ ಒಳಬಂದರೆ ಗಾಲಿಕುರ್ಚಿ, ಮಕ್ಕಳ ತಳ್ಳುಗಾಡಿ, ಊರುಗೋಲು ಎಲ್ಲವೂ ಅದರ ಮೇಲೆ ಹೋಗಬಲ್ಲವು. ಮೂಲ ಕಲ್ಲಿಗೆ ಕೈಹಚ್ಚದೆ, ಅಗತ್ಯವಿದ್ದರೆ ತೆಗೆದುಹಾಕಬಹುದಾದ ರೀತಿಯಲ್ಲಿ ಇಂಥ ಹಾದಿ ಮಾಡಬಹುದೆಂದು ಅದು ತೋರಿಸಿದೆ. ಪೊಂಪೈಯವರೂ ತಮ್ಮ ಬೀದಿಯನ್ನು ಮುಟ್ಟಬಾರದ ವಸ್ತುವೆಂದು ಪೂಜಿಸಲಿಲ್ಲ. ಗಾಲಿಜಾಡಿನ ಹಳ್ಳಗಳಿಗೆ ಅವರು ಕಾಯಿಸಿ ಕರಗಿಸಿದ ಕಬ್ಬಿಣವನ್ನು ಹೊಯ್ದು ತೇಪೆ ಹಾಕಿದ್ದರೆಂದು ಪುರಾತತ್ವಜ್ಞರ ತಂಡವೊಂದು 2019ರಲ್ಲಿ ಪ್ರಕಟಿಸಿತು. ಇಡೀ ಬೀದಿ ಕಿತ್ತು ಹೊಸದಾಗಿ ಹಾಸಿದರೆ ತಿಂಗಳುಗಟ್ಟಲೆ ಸಂಚಾರ ನಿಲ್ಲುತ್ತಿತ್ತು, ಅದಕ್ಕೇ ಈ ಉಪಾಯ.

ರೋಮನ್ ಸಾಮ್ರಾಜ್ಯದ ಇನ್ನೊಂದು ತುದಿಯಲ್ಲಿ, ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಹೇಡ್ರಿಯನ್ ಚಕ್ರವರ್ತಿ ಕ್ರಿ.ಶ. 122ರಲ್ಲಿ ಕಟ್ಟಿಸಲು ತೊಡಗಿದ ಗಡಿಗೋಡೆ ಇದೆ. ಅದರ ಉದ್ದಕ್ಕೂ 84 ಮೈಲಿಯ ಕಾಲುಹಾದಿ 2003ರಲ್ಲಿ ತೆರೆಯಿತು. ಅಲ್ಲಿನವರ ಚಿಂತೆ ಬಿಸಿಲಲ್ಲ, ಕೆಸರು. ಚಳಿಗಾಲದ ಒದ್ದೆ ಹುಲ್ಲುನೆಲದ ಮೇಲೆ ಸಾವಿರಾರು ಬೂಟು ತುಳಿದರೆ ಅಡಿಯ ಅವಶೇಷ ಮೇಲೆ ಬರುತ್ತದೆ, ನಡೆಯುವವನೂ ಜಾರುತ್ತಾನೆ. ಅವರು ಬಲವಂತ ಮಾಡಲಿಲ್ಲ, ಒಂದು ಜಾಣತನ ಮಾಡಿದರು. ಇಡೀ ಹಾದಿ ನಡೆದವರು ಮುದ್ರೆ ಒತ್ತಿಸಿಕೊಳ್ಳುವ ಪುಟ್ಟ ಪಾಸ್‌ಪೋರ್ಟನ್ನು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಾತ್ರ ಇಟ್ಟರು. ಗೋಡೆ ಹತ್ತಬೇಡಿ, ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆದು ಹಳ್ಳ ಮಾಡಬೇಡಿ, ಪಕ್ಕಪಕ್ಕದಲ್ಲಿ ನಡೆಯಿರಿ ಎಂದು ಕೇಳಿಕೊಂಡರು. ನಡಿಗೆಗೂ ಒಂದು ಕಾಲ ಇದೆ, ರೀತಿ ಇದೆ ಎಂದು ಕಲಿಸಲು ಪೊಲೀಸರು ಬೇಕಾಗಲಿಲ್ಲ.

ಹಾಗಾದರೆ ತಾಣಗಳ ಆಡಳಿತ ಮಾಡಬೇಕಾದ್ದೇನು? ಜೂನ್‌ನಿಂದ ಆಗಸ್ಟ್‌ವರೆಗೆ ಬಾಗಿಲು ಬೆಳಿಗ್ಗೆ 7ಕ್ಕೆ ತೆರೆಯಲಿ. ಸೂರ್ಯ ಕಾಯುವುದಿಲ್ಲ, ಕಚೇರಿಯ ಗಡಿಯಾರ ಬದಲಾಗಬಹುದು. ಇಟಲಿಯ ಆರೋಗ್ಯ ಸಚಿವಾಲಯ ರೋಮ್, ನೇಪಲ್ಸ್ ಸೇರಿದಂತೆ 27 ನಗರಗಳಿಗೆ ಮೂರು ದಿನ ಮುಂಚಿತವಾಗಿ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಬಿಸಿಲಿನ ಎಚ್ಚರಿಕೆ ಹೊರಡಿಸುತ್ತದೆ. ಆ ಬಣ್ಣವನ್ನೇ ಟಿಕೆಟ್ ಸಂಖ್ಯೆಗೆ ಕಟ್ಟಿ: ಕೆಂಪು ಬಂದ ದಿನ ಮಧ್ಯಾಹ್ನದ ಪಾಳಿ ರದ್ದಾಗಲಿ, ಹಣ ವಾಪಸು ಬರಲಿ. ರೋಮನ್ನರೇ ಕಟ್ಟುತ್ತಿದ್ದ ಬಟ್ಟೆಯ ಚಪ್ಪರ ಮುಖ್ಯ ಬೀದಿಯ ನಾಲ್ಕೆಂಟು ಕಡೆ ಮರಳಲಿ. ಅದು ಇತಿಹಾಸಕ್ಕೆ ಅಪಚಾರವಾಗದು. ತಂಡಗಳು ಬರುವ ಬೀದಿ, ಹೋಗುವ ಬೀದಿ ಬೇರೆ ಬೇರೆಯಾಗಲಿ. ಇವುಗಳಲ್ಲಿ ಒಂದಕ್ಕೂ ಹೊಸ ತಂತ್ರಜ್ಞಾನ ಬೇಡ.

ಪ್ರವಾಸ ಏರ್ಪಡಿಸುವ ನಮ್ಮ ಕಡೆಯ ಸಂಸ್ಥೆಗಳ ಜವಾಬ್ದಾರಿಯೂ ಕಡಿಮೆಯಲ್ಲ. ಬೆಂಗಳೂರಿನ ಮೇಜಿನ ಮೇಲೆ ಬರೆದ ವೇಳಾಪಟ್ಟಿಯಲ್ಲಿ 'ಮಧ್ಯಾಹ್ನ: ಪೊಂಪೈ ವೀಕ್ಷಣೆ' ಎಂಬ ಮೂರು ಪದ ಸುಲಭವಾಗಿ ಕೂರುತ್ತವೆ. ಅದರ ಬದಲು ಹಿಂದಿನ ರಾತ್ರಿ ನೇಪಲ್ಸ್ ಕಡೆ ತಂಗಿಸಿ, ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಒಳಬಿಟ್ಟು, ಹನ್ನೊಂದೂವರೆಗೆ ಹೊರತಂದರೆ ದಿನವೆಲ್ಲ ಉಳಿಯಿತು. ಮಧ್ಯಾಹ್ನಕ್ಕೆ ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯವಿದೆ. ಮಂಗಳವಾರ ಮಾತ್ರ ರಜೆ. ಪೊಂಪೈಯ ಒಳ್ಳೊಳ್ಳೆಯ ಚಿತ್ರಗಳು, ಮೊಸಾಯಿಕ್‌ಗಳು ಇರುವುದು ಅಲ್ಲೇ. 1938ರಲ್ಲಿ ಪೊಂಪೈಯ ಮನೆಯೊಂದರಲ್ಲಿ ಸಿಕ್ಕ, ಭಾರತದಲ್ಲಿ ಕೆತ್ತಿದ ದಂತದ ಹೆಣ್ಣುಮೂರ್ತಿಯೂ ಆ ಸಂಗ್ರಹದಲ್ಲಿದೆ. ನೆರಳಿನಲ್ಲಿ ನಿಂತು ಅವಳನ್ನು ನೋಡುವುದು ಬಿಸಿಲಲ್ಲಿ ನಿಂತು ಖಾಲಿ ಗೋಡೆ ನೋಡುವುದಕ್ಕಿಂತ ಎಷ್ಟೋ ವಾಸಿ. ವಯಸ್ಸಾದವರೇ ಹೆಚ್ಚಿರುವ ತಂಡವಾದರೆ ರೋಮ್ ಪಕ್ಕದ ಒಸ್ತಿಯಾ ಆಂತೀಕಾ ಎಂಬ ಪ್ರಾಚೀನ ಊರಿಗೆ ಕರೆದೊಯ್ಯಿರಿ: ನಗರದಿಂದ ಅರ್ಧ ಗಂಟೆಯ ರೈಲು, ಕೊಡೆಯಂಥ ಪೈನ್ ಮರಗಳ ನೆರಳು. ಇಲ್ಲವೇ ಪೊಂಪೈಯಂತೆಯೇ ಹೂತುಹೋಗಿದ್ದ ಹರ್ಕ್ಯುಲೇನಿಯಂ: ಅಗೆದ ಜಾಗ ಸಣ್ಣದು, ಮಾಡು ಉಳಿದ ಮನೆಗಳು ಹೆಚ್ಚು.

'ಹಂಪಿಯ ಬಿಸಿಲನ್ನೇ ಕಂಡವರು ನಾವು, ಇಟಲಿಯದೇನು ಮಹಾ' ಎನ್ನುವವರು ನಮ್ಮಲ್ಲಿ ಬಹಳ. ಹಂಪಿಯಲ್ಲಿ ಮಾತ್ರ ನಾವು ನಮ್ಮ ಹೊತ್ತಿನ ಯಜಮಾನರು. ಬೆಳಿಗ್ಗೆ ಬೇಗ ಹೊರಡುತ್ತೇವೆ, ಬಿಸಿಲೇರಿದರೆ ಮಂಟಪದಲ್ಲಿ ಕೂರುತ್ತೇವೆ, ಮಜ್ಜಿಗೆ ಕುಡಿಯುತ್ತೇವೆ, ಸಾಕೆನಿಸಿದರೆ ವಾಪಸು ಹೋಗುತ್ತೇವೆ. ಪ್ಯಾಕೇಜ್ ಪ್ರವಾಸದಲ್ಲಿ ಕಾಲು ನಮ್ಮದು, ಗಡಿಯಾರ ಬೇರೆಯವರದು. ನಿದ್ದೆಗೆಟ್ಟ ಮೈ, ಬದಲಾದ ಊಟ, ಬಿ.ಪಿ. ಮಾತ್ರೆ. ಅದರ ಮೇಲೆ ನಮ್ಮ ಹೆಣ್ಣುಮಕ್ಕಳ ಒಂದು ಹಳೆಯ ಅಭ್ಯಾಸ: ಶೌಚಾಲಯ ಎಲ್ಲಿ ಸಿಗುತ್ತದೋ ಎಂಬ ಅಂಜಿಕೆಗೆ ನೀರೇ ಕುಡಿಯದಿರುವುದು. ಬಿಸಿಲಿಗಿಂತ ಇದು ಹೆಚ್ಚು ಅಪಾಯ. ತಂಡದ ನಾಯಕರು ಶೌಚಾಲಯ ಎಲ್ಲಿದೆ ಎಂಬುದನ್ನು ದೇವಾಲಯ ಎಲ್ಲಿದೆ ಎಂಬುದಕ್ಕಿಂತ ಮೊದಲು ಹೇಳಬೇಕು.

ಓದುಗರಿಗೆ ನಮ್ಮ ಸಲಹೆ ಸರಳ. ಹೊಸ ಶೂ ಕೊಂಡಿದ್ದರೆ ಹೊರಡುವ ಒಂದು ತಿಂಗಳ ಮೊದಲೇ ಊರಲ್ಲಿ ತೊಟ್ಟು ನಡೆದು ಪಳಗಿಸಿ. ಅಡಿ ಹಿಡಿತವಿರುವ, ಕಣಕಾಲು ಕಟ್ಟುವ ಶೂ ಇರಲಿ, ಚಪ್ಪಲಿ ಬೇಡ. 30 ಸೆಂ.ಮೀ.ಗಿಂತ ದೊಡ್ಡ ಚೀಲವನ್ನು ಪೊಂಪೈಯೊಳಗೆ ಬಿಡುವುದಿಲ್ಲ. ಸಣ್ಣ ಬಾಟಲಿ ಒಯ್ದು ಒಳಗಿನ ನಲ್ಲಿಗಳಲ್ಲಿ ತುಂಬಿಕೊಳ್ಳಿ. ರೋಮ್‌ನ ಬೀದಿಗಳಲ್ಲಂತೂ ಕುಡಿಯುವ ನೀರಿನ ಕೊಳಾಯಿಗಳು ಸುಮಾರು 2,500 ಇವೆ. ನೋಡುವಾಗ ನಿಲ್ಲಿ, ನಡೆಯುವಾಗ ನೋಡಬೇಡಿ. ಅಡ್ಡಗಲ್ಲು ದಾಟುವಾಗ ಮೊಬೈಲ್ ಜೇಬಿನಲ್ಲಿರಲಿ, ಹಿರಿಯರ ಕೈ ಕೈಯಲ್ಲಿರಲಿ. ಜೊತೆಯವರಿಗೆ ತಲೆಸುತ್ತು, ವಾಕರಿಕೆ ಬಂದರೆ ನೆರಳಿಗೆ ಕೂರಿಸಿ ನೀರು ಕೊಡಿ. ಮಾತು ತೊದಲಿದರೆ, ಎಲ್ಲಿದ್ದೇನೆಂಬುದೇ ತಿಳಿಯದಂತಾದರೆ ಅದು ಆಯಾಸವಲ್ಲ, ಬಿಸಿಲ ಹೊಡೆತ. ಮೈಗೆ ನೀರು ಹಾಕಿ ತಣಿಸುತ್ತ 112ಕ್ಕೆ ಕರೆ ಮಾಡಿ.

ಇನ್ನು ಅಪ್ಪ ಅಮ್ಮನಿಗೆ ಟಿಕೆಟ್ ತೆಗೆಸುವ ಮಕ್ಕಳಿಗೆ ಒಂದು ಮಾತು. ಪೊಂಪೈಯ ಟಿಕೆಟ್ ಮೇಲೆ ಈಗ ಹೆಸರು ಅಚ್ಚಾಗಿರುತ್ತದೆ. ಬೇಸಿಗೆಯಾದರೆ ಒಳಹೋಗುವ ಪಾಳಿಯನ್ನೂ ನೋಡಿ. ಅದು ಬೆಳಗಿನದಲ್ಲದಿದ್ದರೆ ಇಂದೇ ಬದಲಾಯಿಸಿ. ಬೆಳಗಿನದೇ ಆಗಿದ್ದರೆ, 9 ಗಂಟೆಗೆ ಬಾಗಿಲ ಮುಂದೆ ಇರುವಂತೆ ಹಿಂದಿನ ರಾತ್ರಿಯ ತಂಗುವಿಕೆಯನ್ನು ಗೊತ್ತುಮಾಡಿ. ಎರಡು ಸಾವಿರ ವರ್ಷ ಕಾದಿರುವ ಊರು ಮಧ್ಯಾಹ್ನಕ್ಕೇ ನೋಡಬೇಕೆಂದೇನೂ ಹಟ ಹಿಡಿದಿಲ್ಲ.